ಖಜಾನೆಯ ಮುಂಗಡ, ಕಮ್ಮಾರನ ಕುಲುಮೆ

ಯುದ್ಧದ ಚರಿತ್ರೆಯನ್ನು ಓದುವಾಗ ನಾವು ಸೇನಾಪತಿಗಳ ಹೆಸರುಗಳನ್ನೂ ಕಾಳಗಗಳು ನಡೆದ ಸ್ಥಳಗಳನ್ನೂ ನೆನಪಿಟ್ಟುಕೊಳ್ಳುತ್ತೇವೆ. ಸೈನಿಕನ ಕೈಗೆ ಕೋವಿಯು ಎಲ್ಲಿಂದ ಬಂದಿತು, ಅದನ್ನು ಮಾಡಿದ ಕಮ್ಮಾರನು ಕಬ್ಬಿಣಕ್ಕೂ ಇದ್ದಲಿಗೂ ಕೂಲಿಗೂ ಹಣವನ್ನು ಹೇಗೆ ಹೊಂದಿಸಿದನು ಎಂಬ ಪ್ರಶ್ನೆ ನಮಗೆ ಹೊಳೆಯುವುದು ಅಪರೂಪ. ಆದರೆ ರಾಜ್ಯಗಳ ಅಳಿವು ಉಳಿವುಗಳು ಎಷ್ಟೋ ವೇಳೆ ಈ ಚಿಕ್ಕ ಪ್ರಶ್ನೆಯನ್ನೇ ಅವಲಂಬಿಸಿರುವುದುಂಟು. ಸೈನ್ಯವನ್ನು ಒಂದು ತಿಂಗಳಲ್ಲಿ ಕೂಡಿಸಬಹುದು. ಕೋವಿ ಮಾಡುವ ಕೈಗಳನ್ನು ಒಂದು ತಿಂಗಳಲ್ಲಿ ಪಳಗಿಸಲಾಗದು. ದೊಡ್ಡ ಕಾರ್ಖಾನೆಗಳಿಲ್ಲದ ದೇಶವೊಂದು ತನ್ನ ಸಣ್ಣ ಕುಶಲಕರ್ಮಿಗಳಿಗೆ ಖಜಾನೆಯಿಂದ ಹಣವನ್ನು ಮುಂಗಡವಾಗಿ ಕೊಟ್ಟು ಆಯುಧಗಳನ್ನು ಮಾಡಿಸಿಕೊಂಡ ವೃತ್ತಾಂತವನ್ನು ಈ ಹೊತ್ತು ವಿಚಾರ ಮಾಡೋಣ. ದೇಶ, ಅಮೆರಿಕದ ಸಂಯುಕ್ತ ಸಂಸ್ಥಾನಗಳು. ಕಾಲ, ೧೭೯೮ ಮೊದಲ್ಗೊಂಡು ಸುಮಾರು ಅರವತ್ತು ವರ್ಷ.

೧೭೭೫ರಿಂದ ೧೭೮೩ರ ವರೆಗೆ ನಡೆದ ಸ್ವಾತಂತ್ರ್ಯ ಸಮರದಲ್ಲಿ ಅಮೆರಿಕನ್ನರು ಹಿಡಿದ ಕೋವಿಗಳಲ್ಲಿ ಬಹಳಷ್ಟು ಫ್ರಾನ್ಸ್ ದೇಶದಿಂದ ಬಂದವು. ಸಮರವೇನೋ ಗೆದ್ದಿತು, ಆದರೆ ಆಯುಧಕ್ಕಾಗಿ ಪರರ ಬಾಗಿಲನ್ನು ಕಾಯುವ ಸ್ಥಿತಿ ತಪ್ಪಲಿಲ್ಲ. ೧೭೯೪ರಲ್ಲಿ ಅಲ್ಲಿನ ಶಾಸನ ಸಭೆಯಾದ ಕಾಂಗ್ರೆಸ್ಸು ಸರ್ಕಾರದ ಆಯುಧಾಗಾರಗಳನ್ನು ಸ್ಥಾಪಿಸಲು ಅಪ್ಪಣೆ ಕೊಟ್ಟಿತು. ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಮರುವರ್ಷ ಕೆಲಸ ಮೊದಲಾಯಿತು. ಆ ಮೊದಲ ವರ್ಷದಲ್ಲಿ ಸಿದ್ಧವಾದ ಕೋವಿಗಳ ಸಂಖ್ಯೆ ೨೪೫. ಹೀಗಿರುವಾಗ ೧೭೯೮ರಲ್ಲಿ ಯಾವ ಫ್ರಾನ್ಸಿನಿಂದ ಕೋವಿಗಳು ಬರುತ್ತಿದ್ದವೋ ಆ ಫ್ರಾನ್ಸಿನೊಡನೆಯೇ ವಿರಸ ಬೆಳೆದು, ಸಮುದ್ರದ ಮೇಲೆ ಘೋಷಣೆಯಿಲ್ಲದ ಯುದ್ಧವೇ ನಡೆಯಿತು. ಮಿತ್ರನ ಉಗ್ರಾಣವನ್ನು ನಂಬಿಕೊಂಡವನಿಗೆ ಮಿತ್ರನು ಮುನಿದ ದಿನ ಒದಗುವ ಗತಿ ಏನೆಂಬುದು ಆಗ ಆ ಹೊಸ ಗಣರಾಜ್ಯಕ್ಕೆ ಅರಿವಾಯಿತು.

ಆ ವರ್ಷದ ಮೇ ತಿಂಗಳಲ್ಲಿ ಕಾಂಗ್ರೆಸ್ಸು ಫಿರಂಗಿ, ಕೋವಿ, ಮದ್ದುಗುಂಡುಗಳಿಗಾಗಿ ಎಂಟು ಲಕ್ಷ ಡಾಲರುಗಳನ್ನು ಮಂಜೂರು ಮಾಡಿತು. ಸರ್ಕಾರದ ಆಯುಧಾಗಾರದಿಂದ ಆಗದ ಕೆಲಸವನ್ನು ಖಾಸಗಿಯವರಿಂದ ಮಾಡಿಸಬೇಕಾಯಿತು. ಇಪ್ಪತ್ತೇಳು ಮಂದಿಯೊಡನೆ ಒಟ್ಟು ಸುಮಾರು ನಲವತ್ತು ಸಾವಿರ ಕೋವಿಗಳಿಗೆ ಕರಾರಾಯಿತು. ಬೆಲೆ ಕೋವಿಯೊಂದಕ್ಕೆ ೧೩ ಡಾಲರು ೪೦ ಸೆಂಟು. ಈ ಇಪ್ಪತ್ತೇಳು ಮಂದಿಯಲ್ಲಿ ಹೆಚ್ಚಿನವರು ಕೆಲವೇ ಆಳುಗಳನ್ನಿಟ್ಟುಕೊಂಡು ಹಳ್ಳದ ನೀರಿನ ಬಲದಿಂದ ಸುತ್ತಿಗೆ ನಡೆಸುತ್ತಿದ್ದ ಸಣ್ಣ ಉದ್ಯಮಿಗಳು. ಒಮ್ಮೆಗೆ ನೂರಾರು ಕೋವಿಗಳನ್ನು ಮಾಡಿ ಒಪ್ಪಿಸುವ ವರೆಗೆ ಕೈಯಿಂದ ಖರ್ಚು ನಡೆಸುವ ಬಂಡವಾಳ ಅವರಲ್ಲಿರಲಿಲ್ಲ. ಬ್ಯಾಂಕುಗಳಾದರೂ ಆಗ ಬೆರಳಲ್ಲಿ ಎಣಿಸುವಷ್ಟು.

ಆದುದರಿಂದ ಸರ್ಕಾರವು ಮುಂಗಡದ ಪದ್ಧತಿಯನ್ನು ಹಿಡಿಯಿತು. ನಮ್ಮ ಸೀಮೆಯಲ್ಲಿ ಹಿಂದೆ ಬಾವಿ ತೆಗೆಸುವ ರೈತನಿಗೆ ಸರ್ಕಾರವು ಕೊಡುತ್ತಿದ್ದ ತಕಾವಿಯನ್ನು ಬಲ್ಲವರಿಗೆ ಈ ಏರ್ಪಾಡಿನ ಮರ್ಮ ಸುಲಭವಾಗಿ ತಿಳಿಯುವುದು. ತಕಾವಿಯ ಹಣ ದಾನವಲ್ಲ, ಬರಿಯ ಸಾಲವೂ ಅಲ್ಲ. ಬೆಳೆಯಾದ ಮೇಲೆ ತೀರತಕ್ಕ ಋಣ. ಅದರಂತೆಯೇ ಕೋವಿಗಾರನು ಜಾಮೀನು ಕೊಟ್ಟು ಮುಂಗಡವನ್ನು ಪಡೆಯುವನು. ಸರ್ಕಾರವು ಮಾದರಿಯ ಕೋವಿಯನ್ನು ಅವನಿಗೆ ಒದಗಿಸುವುದು. ಪರೀಕ್ಷಾಧಿಕಾರಿಯು ಬಂದು ನಳಿಗೆಗಳಲ್ಲಿ ಹೆಚ್ಚು ಮದ್ದು ತುಂಬಿ ಹಾರಿಸಿ ನೋಡುವನು. ಒಪ್ಪಿಗೆಯಾದಷ್ಟು ಕೋವಿಗಳ ಬೆಲೆ ಮುಂಗಡದಲ್ಲಿ ವಜಾ ಆಗುವುದು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲ. ನಡೆದುದು ಮಾತ್ರ ಬೇರೆ.

ಅದನ್ನು ಅರಿಯಬೇಕಾದರೆ ಆಗಿನ ಕೋವಿಯ ಕೆಲಸ ಹೇಗಿತ್ತೆಂಬುದನ್ನು ತಿಳಿಯಬೇಕು. ಕೋವಿಯ ಕುದುರೆ, ಕಮಾನು, ತಿರುಪು, ಇವೆಲ್ಲವನ್ನೂ ನುರಿತ ಕಮ್ಮಾರನು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದನು. ಒಂದು ಕೋವಿಯ ತಿರುಪು ಅದೇ ಕುಲುಮೆಯ ಇನ್ನೊಂದು ಕೋವಿಗೆ ಕೂಡುತ್ತಿರಲಿಲ್ಲ. ರಣರಂಗದಲ್ಲಿ ಒಂದು ಕಮಾನು ಮುರಿದರೆ ಕೋವಿಯೇ ನಿಷ್ಪ್ರಯೋಜಕ. ಅದನ್ನು ಸರಿಪಡಿಸಲು ಮತ್ತೆ ಅಂಥ ಕಮ್ಮಾರನೇ ಬೇಕು. ಹತ್ತು ಮುರಿದ ಕೋವಿಗಳಿಂದ ಐದು ಒಳ್ಳೆಯ ಕೋವಿಗಳನ್ನು ಕೂಡಿಸುವುದು ಸಾಧ್ಯವಿರಲಿಲ್ಲ. ಎಲ್ಲ ಭಾಗಗಳನ್ನೂ ಒಂದೇ ಅಳತೆಗೆ ಮಾಡಿ, ಯಾವುದನ್ನು ಯಾವುದಕ್ಕಾದರೂ ಜೋಡಿಸುವಂತಿದ್ದರೆ ಎಂಬ ಕನಸು ಫ್ರಾನ್ಸಿನ ಕೋವಿಗಾರನಾದ ಆನೊರೆ ಬ್ಲಾಂಕನಿಗೆ ಮೊದಲೇ ಇತ್ತು. ೧೭೮೫ರಲ್ಲಿ ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ನನು ಬ್ಲಾಂಕನ ಕುಲುಮೆಗೆ ಹೋಗಿ, ಬೆರೆಸಿಟ್ಟ ಬಿಡಿಭಾಗಗಳನ್ನು ತನ್ನ ಕೈಯಿಂದಲೇ ಜೋಡಿಸಿ ನೋಡಿ, ಈ ವಿಷಯವನ್ನು ತನ್ನ ದೇಶದ ಸರ್ಕಾರಕ್ಕೆ ಬರೆದು ತಿಳಿಸಿದ್ದನು.

೧೭೯೮ರ ಕರಾರುದಾರರಲ್ಲಿ ಎಲ್ಲರಿಗಿಂತ ದೊಡ್ಡ ಮಾತು ಕೊಟ್ಟವನು ಎಲೈ ವಿಟ್ನಿ. ಹತ್ತಿಯ ಬೀಜವನ್ನು ಬಿಡಿಸುವ ಯಂತ್ರವನ್ನು ಕಲ್ಪಿಸಿ ೧೭೯೪ರಲ್ಲಿ ಹಕ್ಕುಪತ್ರ ಪಡೆದಿದ್ದ ಈತನು, ಆ ಹಕ್ಕಿಗಾಗಿ ನ್ಯಾಯಾಲಯಗಳಲ್ಲಿ ಹೋರಾಡಿ ಬರಿಗೈಯಾಗಿದ್ದನು. ಕೈಯಲ್ಲಿ ಕಾರ್ಖಾನೆಯಿಲ್ಲ, ಒಂದು ಕೋವಿಯನ್ನಾದರೂ ಮಾಡಿದ ಅನುಭವವಿಲ್ಲ. ಆದರೂ ಜೂನ್ ೧೪ರಂದು ಹತ್ತು ಸಾವಿರ ಕೋವಿಗಳನ್ನು ಒಪ್ಪಿಸುವುದಾಗಿ ಕರಾರಿಗೆ ಸಹಿ ಹಾಕಿದನು. ಒಟ್ಟು ಬೆಲೆ ೧,೩೪,೦೦೦ ಡಾಲರು. ಸಹಿಯೊಡನೆ ಬಂದ ಮುಂಗಡ ೫,೦೦೦ ಡಾಲರು. ನಾಲ್ಕು ಸಾವಿರ ಕೋವಿಗಳು ೧೭೯೯ರ ಸೆಪ್ಟೆಂಬರಿಗೆ, ಉಳಿದ ಆರು ಸಾವಿರ ಮರುವರ್ಷದ ಸೆಪ್ಟೆಂಬರಿಗೆ ಒಪ್ಪಿಸತಕ್ಕದ್ದೆಂದು ಗೊತ್ತಾಯಿತು.

೧೭೯೯ರ ಸೆಪ್ಟೆಂಬರು ಬಂದಿತು. ಒಂದು ಕೋವಿಯೂ ಬರಲಿಲ್ಲ. ೧೮೦೦ರ ಸೆಪ್ಟೆಂಬರೂ ಬಂದಿತು, ಆಗಲೂ ಬರಲಿಲ್ಲ. ನ್ಯೂ ಹೇವನ್ ನಗರದ ಹೊರಗೆ ಹಳ್ಳದ ದಂಡೆಯಲ್ಲಿ ವಿಟ್ನಿ ಕಟ್ಟಡಗಳನ್ನೂ ಯಂತ್ರಗಳನ್ನೂ ಕಟ್ಟುತ್ತಲೇ ಇದ್ದನು. ೧೮೦೧ರ ಜನವರಿಯಲ್ಲಿ ರಾಜಧಾನಿಗೆ ಹೋಗಿ, ಅಧಿಕಾರದಿಂದ ಇಳಿಯಲಿದ್ದ ಅಧ್ಯಕ್ಷ ಜಾನ್ ಆಡಮ್ಸ್, ಕೆಲವೇ ವಾರಗಳಲ್ಲಿ ಆ ಪದವಿಗೆ ಬರಲಿದ್ದ ಜೆಫರ್ಸನ್ ಮೊದಲಾದವರ ಮುಂದೆ ಬಿಡಿಭಾಗಗಳನ್ನು ಜೋಡಿಸಿ ತೋರಿಸಿದನು. ಅವಧಿ ವಿಸ್ತಾರವಾಯಿತು, ಮುಂಗಡವೂ ಮತ್ತೆ ಸಂದಿತು. ಮೊದಲ ಐದುನೂರು ಕೋವಿಗಳು ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಹತ್ತು ಸಾವಿರವೂ ತೀರಿದ್ದು ೧೮೦೯ರ ಜನವರಿಯಲ್ಲಿ. ಎರಡು ವರ್ಷದ ಕೆಲಸಕ್ಕೆ ಹತ್ತು ವರ್ಷ ಮೀರಿತು. ಯಾವ ಯುದ್ಧಕ್ಕಾಗಿ ಕೋವಿಗಳು ಬೇಕಾಗಿದ್ದವೋ ಆ ಯುದ್ಧ ೧೮೦೦ರಲ್ಲಿಯೇ ಒಪ್ಪಂದದಿಂದ ಮುಗಿದುಹೋಗಿತ್ತು.

ವಿಟ್ನಿಯೇ ಸಮಭಾಗ ಪದ್ಧತಿಯ ಜನಕನೆಂದು ಪಾಠಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ೧೯೬೦ರಲ್ಲಿ ರಾಬರ್ಟ್ ವುಡ್‌ಬರಿ ಎಂಬ ಇತಿಹಾಸಕಾರರು ಈ ಕೀರ್ತಿಯನ್ನು ಒರೆಗೆ ಹಚ್ಚಿದರು. ವಿಟ್ನಿಯ ಉಳಿದಿರುವ ಕೋವಿಗಳನ್ನು ಬಿಚ್ಚಿ ನೋಡಿದಲ್ಲಿ ಭಾಗಗಳು ಒಂದಕ್ಕೊಂದು ಕೂಡಲಿಲ್ಲ. ಒಂದೊಂದರ ಮೇಲೂ ಬೇರೆ ಬೇರೆ ಗುರುತುಗಳಿದ್ದವು. ರಾಜಧಾನಿಯಲ್ಲಿ ತೋರಿಸಿದ ಚಮತ್ಕಾರಕ್ಕಾಗಿ ವಿಶೇಷವಾಗಿ ಸಿದ್ಧಪಡಿಸಿದ ಭಾಗಗಳನ್ನು ಒಯ್ದಿರಬೇಕೆಂದು ಈಗಿನ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಸರ್ಕಾರವು ಮೋಸಹೋಯಿತೆ? ಅವಧಿಯ ಲೆಕ್ಕದಿಂದ ನೋಡಿದರೆ ಹೌದು. ಆದರೆ ಈ ಹಣದ ಫಲವನ್ನು ವಿಟ್ನಿಯ ಲೆಕ್ಕದಲ್ಲಿ ಮಾತ್ರ ಹುಡುಕಿದರೆ ನಾವೂ ಪಾಠಪುಸ್ತಕಗಳ ದಾರಿಯನ್ನೇ ಹಿಡಿದಂತಾಗುವುದು.

ಅದೇ ಕನೆಕ್ಟಿಕಟ್ ಪ್ರಾಂತದ ಬರ್ಲಿನ್ ಎಂಬ ಹಳ್ಳಿಯಲ್ಲಿ ಸಿಮಿಯನ್ ನಾರ್ತ್ ಎಂಬ ಬೇಸಾಯಗಾರನಿದ್ದನು. ವಿಟ್ನಿ ಹುಟ್ಟಿದ ೧೭೬೫ರಲ್ಲಿಯೇ ಹುಟ್ಟಿದವನು. ಹೊಲದ ಪಕ್ಕದ ಕುಲುಮೆಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲುಗಳನ್ನು ಮಾಡುತ್ತಿದ್ದನು. ೧೭೯೯ರಲ್ಲಿ ಅವನಿಗೆ ಐದುನೂರು ಪಿಸ್ತೂಲುಗಳ ಸಣ್ಣ ಕರಾರೊಂದು ಸಿಕ್ಕಿತು. ಅವನು ದೊಡ್ಡ ಮಾತುಗಳನ್ನಾಡಲಿಲ್ಲ. ರಾಜಧಾನಿಯಲ್ಲಿ ಯಾವ ಪ್ರದರ್ಶನವನ್ನೂ ಕೊಡಲಿಲ್ಲ. ಒಂದು ಕರಾರನ್ನು ಮುಗಿಸಿ ಇನ್ನೊಂದನ್ನು ಹಿಡಿಯುತ್ತ ಕೆಲಸದಲ್ಲಿಯೇ ಕಲಿತನು. ಒಬ್ಬ ಆಳು ಪಿಸ್ತೂಲಿನ ಒಂದೇ ಭಾಗವನ್ನು ಸಾವಿರಗಟ್ಟಲೆ ಮಾಡುತ್ತ ಹೋದರೆ ಕಾಲುಭಾಗ ಶ್ರಮವಾದರೂ ಉಳಿಯುವುದೆಂದು ೧೮೦೮ರಲ್ಲಿ ಅವನು ನೌಕಾದಳದ ಕಾರ್ಯದರ್ಶಿಗೆ ಬರೆದನು. ೧೮೧೩ರಲ್ಲಿ ಇಪ್ಪತ್ತು ಸಾವಿರ ಪಿಸ್ತೂಲುಗಳಿಗೆ ಅವನೊಡನೆ ಆದ ಕರಾರಿನಲ್ಲಿ, ಯಾವ ಪಿಸ್ತೂಲಿನ ಭಾಗವಾದರೂ ಉಳಿದ ಯಾವ ಪಿಸ್ತೂಲಿಗಾದರೂ ಕೂಡುವಂತಿರಬೇಕೆಂಬ ನಿಬಂಧನೆ ಸೇರಿತು. ಸರ್ಕಾರದ ಕರಾರೊಂದರಲ್ಲಿ ಈ ನಿಬಂಧನೆ ಕಾಣಿಸಿಕೊಂಡದ್ದು ಅದೇ ಮೊದಲು.

ಈ ಮಧ್ಯೆ ೧೮೦೮ರಲ್ಲಿ ಕಾಂಗ್ರೆಸ್ಸು ಒಂದು ಮಹತ್ತ್ವದ ಶಾಸನವನ್ನು ಮಾಡಿತ್ತು. ನಾಗರಿಕ ದಳಗಳಿಗೆ ಆಯುಧ ಒದಗಿಸಲು ಪ್ರತಿ ವರ್ಷವೂ ಎರಡು ಲಕ್ಷ ಡಾಲರುಗಳನ್ನು ಖರ್ಚು ಮಾಡತಕ್ಕದ್ದೆಂದು ಅದರ ವಿಧಿ. ಆ ವರ್ಷ ಹತ್ತೊಂಬತ್ತು ಮಂದಿಯೊಡನೆ ೮೫,೨೦೦ ಕೋವಿಗಳಿಗೆ ಕರಾರಾಯಿತು. ಇವರಲ್ಲಿಯೂ ಹಲವರು ಅವಧಿಗೆ ಒಪ್ಪಿಸಲಾರದೆ ಹೋದರು. ಕೆಲವರು ಸಾಲದಲ್ಲಿ ಮುಳುಗಿದರು. ೧೭೯೮ರ ಕಥೆಯೇ ಮರುಕಳಿಸಿತೆಂದು ತೋರಬಹುದು. ಆದರೆ ಒಂದು ಭೇದವಿತ್ತು. ಹಿಂದಿನದು ಭಯದಿಂದ ಹುಟ್ಟಿದ ಒಂದು ಸಲದ ಹಣ. ಇದು ವರ್ಷ ವರ್ಷವೂ ತಪ್ಪದೆ ಬರುವ ಹಣ. ಮಳೆ ಒಮ್ಮೆ ಸುರಿದು ನಿಂತರೆ ಹಳ್ಳ ತುಂಬಿ ಹರಿದು ಬತ್ತುವುದು. ಕಾಲಕಾಲಕ್ಕೆ ಬಂದರೆ ಕೆರೆ ನಿಲ್ಲುವುದು. ನಾಳೆಯೂ ಗಿರಾಕಿ ಇರುವನೆಂಬ ಧೈರ್ಯ ಬಂದ ಮೇಲೆ ಸಣ್ಣ ಉದ್ಯಮಿ ಯಂತ್ರಕ್ಕಾಗಿ ಹಣ ಹಾಕಲು ಮುಂದಾದನು.

೧೮೧೨ರಲ್ಲಿ ಇಂಗ್ಲೆಂಡಿನೊಡನೆ ಯುದ್ಧ ಬಂದಾಗ, ದುರಸ್ತಿಗೆ ಕಾದುಕೊಂಡು ರಾಶಿ ಬಿದ್ದ ಕೋವಿಗಳನ್ನು ನೋಡಿದ ಸೇನಾಧಿಕಾರಿಗಳಿಗೆ ಸಮಭಾಗದ ಕನಸು ಕೇವಲ ಕುತೂಹಲವಾಗಿ ಉಳಿಯಲಿಲ್ಲ. ಹೊಸದಾಗಿ ಸ್ಥಾಪಿತವಾದ ಆಯುಧ ಇಲಾಖೆಯ ಕೈಗೆ ೧೮೧೫ರಲ್ಲಿ ಸರ್ಕಾರದ ಆಯುಧಾಗಾರಗಳೂ ಖಾಸಗಿ ಕರಾರುಗಳೂ ಬಂದವು. ಆ ಇಲಾಖೆಯು ಹಣದೊಡನೆ ಇನ್ನೂ ಎರಡು ವಸ್ತುಗಳನ್ನು ಕುಲುಮೆಗಳಿಗೆ ಒದಗಿಸಿತು. ಒಂದು, ಅಳತೆಯ ಮಾದರಿಗಳು. ಇನ್ನೊಂದು, ಸ್ಪ್ರಿಂಗ್‌ಫೀಲ್ಡಿನ ತೆರೆದ ಬಾಗಿಲು. ಸರ್ಕಾರದ ಹಣದಿಂದ ಒಬ್ಬನು ಕಂಡುಕೊಂಡ ಉಪಾಯವನ್ನು ಇತರರೂ ಬಂದು ನೋಡಿ ಕಲಿಯಬಹುದು. ಅಲ್ಲಿ ಪಳಗಿದ ಆಳುಗಳು ಬೇರೆ ಕುಲುಮೆಗಳಿಗೆ ಹೋಗಬಹುದು. ವಿದ್ಯೆಗೆ ಬೀಗ ಹಾಕಲಿಲ್ಲ.

ಇದರ ಫಲಕ್ಕೆ ಎರಡು ನಿದರ್ಶನಗಳು ಸಾಕು. ಮಿಲ್ಬರಿ ಎಂಬ ಊರಿನಲ್ಲಿ ಏಸಾ ವಾಟರ್ಸ್ ಎಂಬ ಕರಾರುದಾರನಿದ್ದನು. ಕೋವಿಯ ನಳಿಗೆಯ ಬುಡ ಪೂರ್ತಿ ದುಂಡಗಿರುವುದಿಲ್ಲ. ಆದುದರಿಂದ ಚರಕಿ ಯಂತ್ರದಲ್ಲಿ ಅದನ್ನು ಕಡೆಯುವುದು ಕಷ್ಟ. ಈ ತೊಡಕನ್ನು ಬಿಡಿಸಲು ಅವನು ಥಾಮಸ್ ಬ್ಲಾಂಚರ್ಡ್ ಎಂಬ ತರುಣನನ್ನು ಕರೆಸಿದನು. ನಳಿಗೆಯ ಯಂತ್ರವನ್ನು ಕಲ್ಪಿಸಿದ ಬ್ಲಾಂಚರ್ಡನು ಅದೇ ಯೋಚನೆಯನ್ನು ಮುಂದುವರಿಸಿ, ಕೋವಿಯ ಮರದ ಹಿಡಿಯಂಥ ಡೊಂಕಾದ ವಸ್ತುವನ್ನೂ ಕಡೆಯಬಲ್ಲ ಯಂತ್ರವನ್ನು ೧೮೧೯ರಲ್ಲಿ ರಚಿಸಿದನು. ಸ್ಪ್ರಿಂಗ್‌ಫೀಲ್ಡಿನಲ್ಲಿ ಅದು ನೆಲೆನಿಂತಿತು. ಮುಂದೆ ಕೊಡಲಿಯ ಕಾವು, ಪಾದರಕ್ಷೆಯ ಅಚ್ಚು, ಎಲ್ಲಕ್ಕೂ ಅದೇ ತತ್ತ್ವ ಬಳಕೆಗೆ ಬಂದಿತು. ಎರಡನೆಯದು ನಾರ್ತನದು. ಜಾನ್ ಹಾಲ್ ಎಂಬುವನು ಹಾರ್ಪರ್ಸ್ ಫೆರಿಯ ಸರ್ಕಾರಿ ಆಯುಧಾಗಾರದಲ್ಲಿ ೧೮೧೯ರಿಂದ ಶ್ರಮಿಸಿ, ಭಾಗಗಳೆಲ್ಲ ಪರಸ್ಪರ ಕೂಡುವ ರೈಫಲುಗಳನ್ನು ಯಂತ್ರಗಳಿಂದ ಮಾಡಿದನು. ೧೮೨೮ರಲ್ಲಿ ಅದೇ ಮಾದರಿಯ ರೈಫಲುಗಳ ಕರಾರು ನಾರ್ತನಿಗೆ ದೊರೆಯಿತು. ೧೮೩೪ರ ವೇಳೆಗೆ ನೂರಾರು ಮೈಲಿಗಳಾಚೆಯ ಎರಡು ಊರುಗಳಲ್ಲಿ ಮಾಡಿದ ರೈಫಲುಗಳ ಭಾಗಗಳು ಒಂದಕ್ಕೊಂದು ಕೂಡುವಂತಾದವು. ವಿಟ್ನಿ ಮಾತಿನಲ್ಲಿ ಹೇಳಿದುದನ್ನು ಕುಡುಗೋಲಿನ ಕಮ್ಮಾರನು ಮೂವತ್ತೈದು ವರ್ಷಗಳ ಕರಾರುಗಳ ಬಲದಿಂದ ಸಾಧಿಸಿದನು.

ಇಂಗ್ಲೆಂಡಿನವರು ಇದನ್ನು ನೋಡಲು ಬಂದರು. ೧೮೫೪ರಲ್ಲಿ ಬ್ರಿಟಿಷ್ ಸರ್ಕಾರದ ಸಮಿತಿಯೊಂದು ಸ್ಪ್ರಿಂಗ್‌ಫೀಲ್ಡಿಗೆ ಬಂದಾಗ, ೧೮೪೪ರಿಂದ ೧೮೫೩ರ ವರೆಗಿನ ಹತ್ತು ವರ್ಷಗಳಲ್ಲಿ ವರ್ಷಕ್ಕೊಂದರಂತೆ ತಯಾರಾದ ಹತ್ತು ಕೋವಿಗಳನ್ನು ಆರಿಸಿ, ಅವರ ಕಣ್ಣೆದುರಿಗೇ ಬಿಚ್ಚಿ, ಭಾಗಗಳನ್ನು ಬೆರೆಸಿದರು. ಕೆಲಸಗಾರನೊಬ್ಬನು ಬರಿಯ ತಿರುಪುಳಿಯಿಂದ ಹತ್ತನ್ನೂ ಮತ್ತೆ ಜೋಡಿಸಿಬಿಟ್ಟನು. ಸಮಿತಿಯು ಅಮೆರಿಕದ ಯಂತ್ರಗಳನ್ನು ಕೊಂಡು, ಲಂಡನ್ನಿನ ಬಳಿಯ ಎನ್‌ಫೀಲ್ಡ್ ಕಾರ್ಖಾನೆಗೆ ಸಾಗಿಸಿತು. ಎನ್‌ಫೀಲ್ಡ್ ಕೋವಿಯ ಹೆಸರು ನಮ್ಮ ದೇಶಕ್ಕೆ ಹೊಸದಲ್ಲ. ಅದರ ಕೊಬ್ಬು ಸವರಿದ ತೋಟೆಗಳೇ ೧೮೫೭ರಲ್ಲಿ ಸಿಪಾಯಿಗಳ ಮನಸ್ಸಿನಲ್ಲಿ ಹೊಗೆಯಾಡುತ್ತಿದ್ದ ಅಸಮಾಧಾನಕ್ಕೆ ಕಿಡಿಯಾದುದನ್ನು ನಾವೆಲ್ಲರೂ ಓದಿದ್ದೇವೆ.

ಈ ವೃತ್ತಾಂತದಲ್ಲಿ ಅತ್ಯಂತ ಕರುಣಾಜನಕವಾದ ಸಂಗತಿ ಇಲ್ಲಿಯೇ ಬರುತ್ತದೆ. ಬ್ರಿಟಿಷರು ಯಂತ್ರಗಳನ್ನು ಕೊಂಡ ಕಾರ್ಖಾನೆಗಳಲ್ಲಿ ಮುಖ್ಯವಾದುದು ವರ್ಮಾಂಟ್ ಪ್ರಾಂತದ ವಿಂಡ್ಸರ್ ಎಂಬ ಸಣ್ಣ ಊರಿನ ರಾಬಿನ್ಸ್ ಮತ್ತು ಲಾರೆನ್ಸ್ ಕಂಪೆನಿ. ೧೮೪೫ರಲ್ಲಿ ಅಮೆರಿಕದ ಸರ್ಕಾರದಿಂದ ಹತ್ತು ಸಾವಿರ ರೈಫಲುಗಳ ಕರಾರು ಪಡೆದು, ಅದನ್ನು ಅವಧಿಗೆ ಮೊದಲೇ ಮುಗಿಸಿ, ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ತನ್ನ ಕೋವಿಗಳನ್ನಿಟ್ಟು ಹೆಸರು ಗಳಿಸಿದ ಕಂಪೆನಿಯದು. ಕ್ರಿಮಿಯದ ಯುದ್ಧ ನಡೆಯುತ್ತಿದ್ದಾಗ, ೧೮೫೫ರಲ್ಲಿ, ಇಪ್ಪತ್ತೈದು ಸಾವಿರ ಎನ್‌ಫೀಲ್ಡ್ ಕೋವಿಗಳನ್ನು ಮಾಡಿಕೊಡಲು ಬ್ರಿಟಿಷ್ ಸರ್ಕಾರವು ಅದರೊಡನೆ ಕರಾರು ಮಾಡಿಕೊಂಡಿತು. ಇದರ ಹಿಂದೆ ಲಕ್ಷಗಟ್ಟಲೆ ಕೋವಿಗಳಿಗೆ ಬೇಡಿಕೆ ಬರುವುದೆಂಬ ಭರವಸೆಯಿಂದ ಕಂಪೆನಿಯು ಸಾಲ ತೆಗೆದು ಯಂತ್ರಗಳನ್ನು ಕೂಡಿಸಿತು. ೧೮೫೬ರಲ್ಲಿ ಯುದ್ಧ ನಿಂತಿತು. ನಿರೀಕ್ಷಿಸಿದ ಬೇಡಿಕೆ ಬರಲಿಲ್ಲ, ಮೊದಲಿನ ಕರಾರೂ ಪೂರ್ತಿಯಾಗಲಿಲ್ಲ, ಕಂಪೆನಿ ದಿವಾಳಿಯಾಯಿತು. ಲೋಕಕ್ಕೆಲ್ಲ ಶಾಂತಿ ತಂದ ಸುದ್ದಿ ಆ ಊರಿನ ಕುಲುಮೆಗೆ ಮರಣದ ವಾರ್ತೆಯಾಯಿತು.

ದಿವಾಳಿಯಾದುದು ಕಂಪೆನಿ, ವಿದ್ಯೆ ದಿವಾಳಿಯಾಗಲಿಲ್ಲ. ಅದರ ನುರಿತ ಕೆಲಸಗಾರರು ಬೇರೆ ಬೇರೆ ಊರುಗಳ ಕಾರ್ಖಾನೆಗಳಿಗೆ ಹಂಚಿಹೋದರು. ಇದೇ ಕಂಪೆನಿಯವರು ಹಾರ್ಟ್‌ಫರ್ಡ್ ನಗರದಲ್ಲಿ ಶಾರ್ಪ್ಸ್ ರೈಫಲುಗಳಿಗಾಗಿ ಒಂದು ಕಾರ್ಖಾನೆಯನ್ನು ಕಟ್ಟಿದ್ದರು. ಕೋವಿಯವರು ಬಿಟ್ಟ ಆ ಕಟ್ಟಡಕ್ಕೆ ವೀಡ್ ಹೊಲಿಗೆ ಯಂತ್ರದ ಕಂಪೆನಿ ಬಂದಿತು. ೧೮೭೮ರಲ್ಲಿ ಆಲ್ಬರ್ಟ್ ಪೋಪ್ ಎಂಬ ವರ್ತಕನಿಗಾಗಿ ಅಲ್ಲಿಯೇ ಬೈಸಿಕಲ್ಲುಗಳು ತಯಾರಾದವು. ಬ್ರಿಜ್‌ಪೋರ್ಟಿನ ವೀಲರ್ ಮತ್ತು ವಿಲ್ಸನ್ ಕಂಪೆನಿಯು ೧೮೫೭ರಲ್ಲಿ ಕೋವಿಯ ಕಾರ್ಖಾನೆಗಳಿಂದ ಬಂದ ಯಂತ್ರಜ್ಞರನ್ನಿಟ್ಟುಕೊಂಡು ಹೊಲಿಗೆ ಯಂತ್ರಗಳನ್ನು ಸಮಭಾಗ ಪದ್ಧತಿಯಲ್ಲಿ ಮಾಡತೊಡಗಿತು. ಕೊಲ್ಲುವ ಉಪಕರಣಕ್ಕಾಗಿ ಹುಟ್ಟಿದ ಅಳತೆಗೋಲು ದರ್ಜಿಯ ಮನೆಯನ್ನೂ ಗೃಹಿಣಿಯ ಕೋಣೆಯನ್ನೂ ಹೊಕ್ಕಿತು. ವಿಂಡ್ಸರಿನ ಆ ಹಳೆಯ ಇಟ್ಟಿಗೆಯ ಕಟ್ಟಡದಲ್ಲಿ ಈಗ ಯಂತ್ರಗಳ ವಸ್ತುಸಂಗ್ರಹಾಲಯವಿದೆ.

ಇದೇ ಪ್ರಶ್ನೆ ಆ ದೇಶಕ್ಕೆ ಎರಡನೆಯ ಮಹಾಯುದ್ಧದಲ್ಲಿ ಇನ್ನೊಂದು ರೂಪದಲ್ಲಿ ಎದುರಾಯಿತು. ಅಷ್ಟು ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬೇಕಾದಷ್ಟಿದ್ದವು. ಯುದ್ಧದ ಕೆಲಸವೆಲ್ಲ ಅವುಗಳ ಪಾಲಾಗಿ, ಉಕ್ಕೂ ತಾಮ್ರವೂ ದೊರೆಯದೆ ಸಣ್ಣ ಕಾರ್ಖಾನೆಗಳು ಬಾಗಿಲು ಮುಚ್ಚುವ ಭಯವಿತ್ತು. ೧೯೪೨ರ ಜೂನ್ ತಿಂಗಳಲ್ಲಿ ಹದಿನೈದು ಕೋಟಿ ಡಾಲರುಗಳ ಬಂಡವಾಳದೊಡನೆ ಸಣ್ಣ ಯುದ್ಧ ಕಾರ್ಖಾನೆಗಳ ನಿಗಮವೊಂದನ್ನು ಸ್ಥಾಪಿಸಿ, ಸಾಲ ಕೊಡುವ ಕೆಲಸವನ್ನೂ ಕರಾರು ಕೊಡಿಸುವ ಕೆಲಸವನ್ನೂ ಅದಕ್ಕೆ ವಹಿಸಿದರು. ಆದರೂ ೧೯೪೦ರ ಜೂನಿನಿಂದ ೧೯೪೪ರ ಸೆಪ್ಟೆಂಬರಿನ ವರೆಗೆ ಕೊಟ್ಟ ಸುಮಾರು ೧೭,೫೦೦ ಕೋಟಿ ಡಾಲರುಗಳ ಮುಖ್ಯ ಕರಾರುಗಳಲ್ಲಿ ಮೂರರಲ್ಲಿ ಎರಡು ಪಾಲು ಕೇವಲ ನೂರು ಕಂಪೆನಿಗಳಿಗೆ ಹೋಯಿತೆಂದು ಆ ನಿಗಮವೇ ಲೆಕ್ಕ ಹಾಕಿ ತಿಳಿಸಿತು. ಯುದ್ಧ ಮುಗಿದ ಮೇಲೆ ೧೯೪೬ರಲ್ಲಿ ಅದನ್ನು ಮುಚ್ಚಿದರು; ಕೊರಿಯದ ಯುದ್ಧ ಬಂದಾಗ ೧೯೫೧ರಲ್ಲಿ ಅಂಥದೇ ಇನ್ನೊಂದನ್ನು ತೆರೆದರು; ಸಣ್ಣ ಉದ್ಯಮಗಳಿಗಾಗಿ ಶಾಶ್ವತವಾದ ಸಂಸ್ಥೆಯೊಂದು ೧೯೫೩ರಲ್ಲಿ ಏರ್ಪಟ್ಟಿತು. ಭಯ ಬಂದಾಗ ಕೊಡುವುದು, ಭಯ ಹೋದಾಗ ಮರೆಯುವುದು, ಎಂಬ ಹಳೆಯ ಚಾಳಿ ಬಿಡಲು ಆ ದೇಶಕ್ಕೂ ಒಂದೂವರೆ ಶತಮಾನ ಹಿಡಿಯಿತು.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದುದೇನು? ಮುಂಗಡ ಕೊಟ್ಟುಬಿಟ್ಟರೆ ಸಾಕು, ಉದ್ಯಮ ತಾನಾಗಿ ಬೆಳೆಯುವುದೆಂದು ನಾವು ಹೇಳಲಾರೆವು. ಇಪ್ಪತ್ತೇಳು ಮಂದಿಯ ಕಥೆ ಅದಕ್ಕೆ ವಿರುದ್ಧವಾದ ಸಾಕ್ಷಿ. ಗಡುವು ಮೀರಿದ ಹಣವೆಲ್ಲ ನಷ್ಟವೆಂದೂ ಹೇಳಲಾರೆವು. ನಾರ್ತನ ಕುಲುಮೆ ಅದಕ್ಕೆ ಉತ್ತರ. ಹಣವು ಫಲಿಸಿದ ಕಡೆಗಳಲ್ಲಿ ಮೂರು ಅಂಶಗಳು ಜೊತೆಗೂಡಿದ್ದವು: ಕೊಳ್ಳುವವನು ವರ್ಷ ವರ್ಷವೂ ಬಂದನು, ಅಳತೆಯಲ್ಲಿ ದಾಕ್ಷಿಣ್ಯ ತೋರಿಸಲಿಲ್ಲ, ಸಾರ್ವಜನಿಕ ಹಣದಿಂದ ಹುಟ್ಟಿದ ವಿದ್ಯೆಯನ್ನು ಸಾರ್ವಜನಿಕರಿಂದ ಮುಚ್ಚಿಡಲಿಲ್ಲ. ಈ ಮೂರರಲ್ಲಿ ಮೊದಲನೆಯದು ತಪ್ಪಿದಲ್ಲಿ ಎಷ್ಟು ಸಮರ್ಥವಾದ ಕಾರ್ಖಾನೆಯಾದರೂ ಉಳಿಯದೆಂಬುದಕ್ಕೆ ವಿಂಡ್ಸರಿನವರೇ ನಿದರ್ಶನ.

ಸರ್ಕಾರಗಳು ಸಣ್ಣ ಉದ್ಯಮಿಗೆ ರಕ್ಷಣೆಯ ಹೆಸರಿನಲ್ಲಿ ಹಣ ಕೊಡುವಾಗ, ಎಷ್ಟು ಕೋವಿ, ಯಾವ ದಿನ, ಎಂದು ಕೇಳುವುದು ಅವುಗಳ ಧರ್ಮ. ಆ ಪ್ರಶ್ನೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದರ ಜೊತೆಗೆ ಇನ್ನೂ ಒಂದನ್ನು ಕೇಳಬೇಕು: ಯುದ್ಧ ನಿಂತ ಮರುದಿನ ಈ ಕೈಗಳು ಏನು ಮಾಡಬೇಕು? ೧೭೯೮ರಲ್ಲಿ ಯಾರೂ ಇದನ್ನು ಕೇಳಲಿಲ್ಲ. ಉತ್ತರವು ಹೊಲಿಗೆ ಯಂತ್ರದ ರೂಪದಲ್ಲಿ ತಾನಾಗಿ ಬಂದದ್ದು ಆ ದೇಶದ ಭಾಗ್ಯ. ಭಾಗ್ಯವನ್ನು ಮಾತ್ರ ಯಾವ ಖಜಾನೆಯೂ ಮುಂಗಡವಾಗಿ ಕೊಡಲಾರದು.